ಯಂತ್ರದ ದಿನಚರಿ ಓದಿದವರು
ಯುನಿಕ್ಸ್ ಲಾಗ್ ಕಡತಗಳು ಮತ್ತು ಅವುಗಳನ್ನು ಕಾಯುವ ಮುಕ್ತ ತಂತ್ರಾಂಶಗಳ ಚರಿತ್ರೆ



ಜಮಾಅತ್‌ನ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚಿನ ಲೆಕ್ಕ ಓದುವ ಹೊತ್ತನ್ನು ನೀವು ಬಲ್ಲಿರಿ. ಕಾರ್ಯದರ್ಶಿಯವರು ಒಂದೊಂದೇ ಬಾಬ್ತು ಓದುತ್ತಾ ಹೋಗುತ್ತಾರೆ, ಸಭೆಯಲ್ಲಿ ಹೆಚ್ಚಿನವರು ಗಡಿಯಾರ ನೋಡುತ್ತಿರುತ್ತಾರೆ. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ಈ ನೂರು ರೂಪಾಯಿ ಯಾವುದರದ್ದು?" ಎಂದು ಕೇಳುತ್ತಾರೆ. ಕೆಲವರು ನಗುತ್ತಾರೆ. ಆದರೆ ಸಂಸ್ಥೆಯೊಂದು ವರ್ಷಗಟ್ಟಲೆ ಪ್ರಾಮಾಣಿಕವಾಗಿ ಉಳಿಯುವುದು ಇಂತಹ ಒಬ್ಬರಿಂದ ಎಂದರೆ ತಪ್ಪಾಗಲಾರದು. ಲೆಕ್ಕ ಬರೆದಿಡುವುದು ಅರ್ಧ ಕೆಲಸ, ಅದನ್ನು ಓದುವುದು ಉಳಿದ ಅರ್ಧ.

ಇಂದು ನಮ್ಮ ಶಾಲೆಯ ಫೀಸು, ಬ್ಯಾಂಕಿನ ಖಾತೆ, ಆಸ್ಪತ್ರೆಯ ಚೀಟಿ, ಹಜ್ ಅರ್ಜಿ ಎಲ್ಲವೂ ಕಂಪ್ಯೂಟರಿನೊಳಗೆ ಹೋಗಿ ಕುಳಿತಿವೆ. ಆ ಕಂಪ್ಯೂಟರುಗಳೂ ಹಗಲಿರುಳು ತಮ್ಮದೇ ಒಂದು ದಿನಚರಿ ಬರೆಯುತ್ತಿರುತ್ತವೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಗುಪ್ತಪದ ಸರಿಯಾಗಿತ್ತೇ, ಯಾವ ಕಡತ ತೆರೆದರು ಎಂಬುದೆಲ್ಲ ಅದರಲ್ಲಿ ಸಾಲು ಸಾಲಾಗಿ ದಾಖಲಾಗುತ್ತದೆ. ಇದಕ್ಕೆ 'ಲಾಗ್' ಎಂದು ಹೆಸರು. ಅದನ್ನು ಓದಲು ಹುಟ್ಟಿಕೊಂಡ ಮುಕ್ತ ತಂತ್ರಾಂಶಗಳ ಕಥೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ದಫ್ತರಿನಿಂದ ಲಾಗ್‌ವರೆಗೆ

ಬರೆದಿಡುವ ಶಿಸ್ತು ನಮಗೆ ಹೊಸತಲ್ಲ. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ವಚನ ಅಲ್ ಬಕರ ಅಧ್ಯಾಯದ 282ನೆಯದು. ಸಾಲದ ವ್ಯವಹಾರವನ್ನು ಬರಹಕ್ಕಿಳಿಸಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು ಎಂಬುದು ಅದರ ವಿಷಯ ಎಂಬುದನ್ನು ನೆನಪಿಸಿಕೊಳ್ಳಿ. ದ್ವಿತೀಯ ಖಲೀಫ ಹಝ್ರತ್ ಉಮರ್(ರ)ರವರ ಕಾಲದಲ್ಲಿ 'ದಿವಾನ್' ಎಂಬ ದಾಖಲೆಯ ವ್ಯವಸ್ಥೆ ಏರ್ಪಟ್ಟಿತು. ನಾವು ದಿನವೂ ಆಡುವ ಕನ್ನಡದಲ್ಲಿರುವ ದಾಖಲೆ, ದಫ್ತರ, ತಾರೀಖು, ಜಮಾ, ಖರ್ಚು, ಬಾಕಿ ಎಂಬ ಪದಗಳು ಅರಬಿ-ಪಾರ್ಸಿ ಮೂಲದಿಂದ ಬಂದವು. ಲೆಕ್ಕ ಬರೆಯುವವರ ಜೊತೆಯಲ್ಲೇ ಅವು ಊರೂರು ಸುತ್ತಿ ಇಲ್ಲಿಗೂ ಬಂದು ನೆಲೆಸಿದವು.

'ಲಾಗ್' ಎಂಬ ಪದ ಬಂದದ್ದು ಕಡಲಿನಿಂದ. ಇಂಗ್ಲಿಷಿನಲ್ಲಿ ಅದರ ಅರ್ಥ ಮರದ ತುಂಡು. ಹಿಂದೆ ಹಡಗಿನ ವೇಗ ಅಳೆಯಲು ಗಂಟುಗಳಿರುವ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಮರಳಿನ ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಯಿಂದ ಜಾರಿತು ಎಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕವೇ 'ಲಾಗ್ ಬುಕ್' ಆಯಿತು. ಹಡಗಿನ ವೇಗವನ್ನು ಇಂದಿಗೂ 'ನಾಟ್' ಎಂದರೆ ಗಂಟುಗಳ ಲೆಕ್ಕದಲ್ಲಿ ಹೇಳುವುದು ಇದೇ ಕಾರಣಕ್ಕೆ.

ಯುನಿಕ್ಸ್ ಎಂಬ ಮನೆ

ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. ಬೆಲ್ ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ಕಂಪೆನಿಯ ಮೇಲೆ ಸರಕಾರದ ನಿರ್ಬಂಧವೊಂದಿತ್ತು. 1956ರ ಒಪ್ಪಂದದ ಪ್ರಕಾರ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಅದು ಕೈಹಾಕುವಂತಿರಲಿಲ್ಲ. ಹೀಗಾಗಿ ಯುನಿಕ್ಸ್ ಮೂಲ ಬರಹ ಸಮೇತ ವಿಶ್ವವಿದ್ಯಾಲಯಗಳಿಗೆ ಅಲ್ಪ ಬೆಲೆಗೆ ಸಿಕ್ಕಿತು. ವಿದ್ಯಾರ್ಥಿಗಳು ಅದನ್ನು ಓದಿದರು, ತಿದ್ದಿದರು, ಬೆಳೆಸಿದರು. ಇವರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಎಲ್ಲರಿಗಿಂತ ಮುಂದೆ ಹೋದರು.

ಯುನಿಕ್ಸ್‌ನ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಅದರಲ್ಲಿ ದಾಖಲೆಗಳೆಲ್ಲ ಸಾಮಾನ್ಯವಾಗಿ ಸಾದಾ ಅಕ್ಷರಗಳ ಸಾಲುಗಳು. ಯಾರು ಬೇಕಾದರೂ ತೆರೆದು ಓದಬಹುದು. ಬೇಕಾದ ಸಾಲನ್ನು ಹುಡುಕಲು 'ಗ್ರೆಪ್', ಸಾಲನ್ನು ಬಿಡಿಸಿ ಲೆಕ್ಕ ಹಾಕಲು 1977ರ 'ಆಕ್', ಕಡತದ ಬಾಲವನ್ನಷ್ಟೇ ನೋಡಲು 'ಟೇಲ್' ಎಂಬ ಪುಟ್ಟ ಪುಟ್ಟ ಉಪಕರಣಗಳಿದ್ದವು. ಒಂದರ ಉತ್ತರವನ್ನು ಇನ್ನೊಂದರ ಬಾಯಿಗೆ ಕೊಡಬಹುದಿತ್ತು. ಮುಂದೆ ಬಂದ ಲಾಗ್ ಕಾವಲು ತಂತ್ರಾಂಶಗಳೆಲ್ಲ ಈ ಅಡಿಪಾಯದ ಮೇಲೆಯೇ ನಿಂತವು.

ಆದರೆ ಒಂದು ತೊಡಕಿತ್ತು. ಪ್ರತಿಯೊಂದು ಪ್ರೋಗ್ರಾಮು ತನಗೆ ತೋಚಿದ ಜಾಗದಲ್ಲಿ, ತೋಚಿದ ರೀತಿಯಲ್ಲಿ ದಾಖಲೆ ಬರೆಯುತ್ತಿತ್ತು. ಇದಕ್ಕೆ ಪರಿಹಾರ ಕೊಟ್ಟವರು ಬರ್ಕ್ಲಿಯ ಎರಿಕ್ ಆಲ್ಮನ್. ಅಂಚೆ ಸಾಗಿಸುವ 'ಸೆಂಡ್‌ಮೇಲ್' ತಂತ್ರಾಂಶದ ಜೊತೆಗೆ 1980ರ ದಶಕದ ಆರಂಭದಲ್ಲಿ ಅವರು 'ಸಿಸ್‌ಲಾಗ್' ಎಂಬ ವ್ಯವಸ್ಥೆ ಬರೆದರು. ಪ್ರೋಗ್ರಾಮುಗಳು ತಮ್ಮ ಮಾತನ್ನು ಸಿಸ್‌ಲಾಗ್‌ಗೆ ಒಪ್ಪಿಸಿದರೆ ಸಾಕು, ಎಲ್ಲಿ ಬರೆಯಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಪ್ರತಿ ಸಂದೇಶಕ್ಕೂ ಎರಡು ಗುರುತು. ಒಂದು, ಅದು ಬಂದ ವಿಭಾಗ. ಇನ್ನೊಂದು, ಅದರ ಗಂಭೀರತೆ. ಗಂಭೀರತೆಗೆ 0ಯಿಂದ 7ರವರೆಗೆ ಎಂಟು ಮೆಟ್ಟಿಲು. 0 ಎಂದರೆ ಯಂತ್ರವೇ ಕೈಕೊಟ್ಟ ತುರ್ತು, 7 ಎಂದರೆ ಪ್ರೋಗ್ರಾಮು ಬರೆಯುವವರಿಗಷ್ಟೇ ಬೇಕಾದ ಸಣ್ಣ ವಿವರ. ವಿಭಾಗದ ಸಂಖ್ಯೆಯನ್ನು ಎಂಟರಿಂದ ಗುಣಿಸಿ ಗಂಭೀರತೆಯನ್ನು ಕೂಡಿಸಿದರೆ ಸಂದೇಶದ ಅಂಕೆ ಸಿಗುತ್ತದೆ. 34 ಎಂದಿದ್ದರೆ ವಿಭಾಗ 4, ಗಂಭೀರತೆ 2. ಅಂದರೆ ಪ್ರವೇಶ ಪರಿಶೀಲನೆಯ ವಿಭಾಗದಿಂದ ಬಂದ ಗಂಭೀರ ಸುದ್ದಿ. ನಮ್ಮ ಹೈಸ್ಕೂಲಿನ ಮಕ್ಕಳು ಬಾಯಲ್ಲೇ ಮಾಡಬಹುದಾದ ಲೆಕ್ಕವಿದು.

ಒಂದು ಯಂತ್ರದ ದಾಖಲೆಯನ್ನು ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುವುದೂ ಸಿಸ್‌ಲಾಗ್‌ನಿಂದ ಸಾಧ್ಯವಾಯಿತು. ಇದು ಏಕೆ ಮುಖ್ಯವೆಂದರೆ, ಮನೆಗೆ ನುಗ್ಗಿದ ಕಳ್ಳ ಮೊದಲು ಹರಿದು ಹಾಕುವುದು ಆ ಮನೆಯ ದಫ್ತರನ್ನೇ. ದಫ್ತರು ಬೇರೆ ಮನೆಯಲ್ಲಿದ್ದರೆ ಅವನ ಕೈಗೆ ಸಿಗದು.

ಎಪ್ಪತ್ತೈದು ಸೆಂಟುಗಳು

ಈ ಚರಿತ್ರೆಯ ಅತ್ಯಂತ ರೋಚಕ ಪ್ರಸಂಗ 1986ರ ಆಗಸ್ಟ್ ತಿಂಗಳಿನದು. ಕ್ಲಿಫರ್ಡ್ ಸ್ಟೋಲ್ ಎಂಬವರು ಖಗೋಳ ವಿಜ್ಞಾನಿ. ಅವರ ಸಂಶೋಧನೆಯ ಹಣ ಮುಗಿದಾಗ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಿತು. ಅಲ್ಲಿ ಕಂಪ್ಯೂಟರ್ ಬಳಸಿದವರಿಗೆ ಸಮಯದ ಲೆಕ್ಕದಲ್ಲಿ ಬಿಲ್ಲು ಹೋಗುತ್ತಿತ್ತು. ಆ ಲೆಕ್ಕವನ್ನು ಎರಡು ಬೇರೆ ಬೇರೆ ಪ್ರೋಗ್ರಾಮುಗಳು ಇಡುತ್ತಿದ್ದವು. ಆ ತಿಂಗಳು ಎರಡರ ನಡುವೆ ವ್ಯತ್ಯಾಸ ಬಂತು. ಎಷ್ಟು? ಕೇವಲ 75 ಸೆಂಟುಗಳು, ಒಂದು ಡಾಲರಿನ ಮುಕ್ಕಾಲು ಪಾಲು!

ಬೇರೆಯವರಾಗಿದ್ದರೆ ತಮ್ಮ ಜೇಬಿನಿಂದ ಹಾಕಿ ಲೆಕ್ಕ ಮುಚ್ಚುತ್ತಿದ್ದರೇನೋ. ಸ್ಟೋಲ್ ಹಾಗೆ ಮಾಡಲಿಲ್ಲ. ಬಿಲ್ಲು ಕಳುಹಿಸಲು ವಿಳಾಸವೇ ಇಲ್ಲದ 'ಹಂಟರ್' ಎಂಬ ಹೆಸರಿನ ಖಾತೆಯೊಂದು ಸಿಕ್ಕಿತು. ಯಾರೋ ಹೊರಗಿನವರು ಒಳಬಂದು ಯಂತ್ರದ ಒಡೆಯನ ಅಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ಆಗ ಸ್ಟೋಲ್ ಒಂದು ಉಪಾಯ ಹೂಡಿದರು. ವಾರದ ಕೊನೆಯಲ್ಲಿ ಸಹೋದ್ಯೋಗಿಗಳ ಮೇಜುಗಳಿಂದ ಪ್ರಿಂಟರುಗಳನ್ನೂ ಟರ್ಮಿನಲ್‌ಗಳನ್ನೂ ಎತ್ತಿ ತಂದು, ಹೊರಗಿನಿಂದ ಬರುವ ತಂತಿಗಳಿಗೆ ಜೋಡಿಸಿ, ಅವುಗಳ ಪಕ್ಕದಲ್ಲೇ ಮಲಗಿದರು. ನುಗ್ಗಿದವನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು. ಕಂಪ್ಯೂಟರಿನೊಳಗೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅವನು ಆಗಾಗ ಪರೀಕ್ಷಿಸುತ್ತಿದ್ದ. ಕಾವಲು ಇದ್ದದ್ದು ಕಂಪ್ಯೂಟರಿನ ಹೊರಗೆ, ತಂತಿಯ ಮೇಲೆ!

ಮುಂದಿನ ಹತ್ತು ತಿಂಗಳುಗಳಲ್ಲಿ ಅವನು ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿದ, 30ಕ್ಕಿಂತ ಹೆಚ್ಚು ಕಡೆ ಒಳನುಗ್ಗಿದ. ಅವುಗಳಲ್ಲಿ ಹಲವು ಅಮೆರಿಕದ ಸೇನೆಗೆ ಸೇರಿದವು. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಯಿತು. ಮಾರ್ಕಸ್ ಹೆಸ್ ಎಂಬಾತ ಮತ್ತು ಅವನ ಸಂಗಡಿಗರು ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು. 1990ರಲ್ಲಿ ಜರ್ಮನ್ ನ್ಯಾಯಾಲಯ ಹೆಸ್‌ನನ್ನು ಅಪರಾಧಿ ಎಂದು ತೀರ್ಪಿತ್ತು, ಜೈಲು ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಸ್ಟೋಲ್ 1989ರಲ್ಲಿ ಈ ಅನುಭವವನ್ನು 'ದಿ ಕುಕೂಸ್ ಎಗ್' ಎಂಬ ಪುಸ್ತಕವಾಗಿ ಪ್ರಕಟಿಸಿದರು.

ಇದರಲ್ಲಿ ನಾವು ಮುಚ್ಚಿಡಬಾರದ ಒಂದು ಸತ್ಯವಿದೆ. ಅವನು ಒಳಬಂದ ದಾರಿ 'ಗ್ನು ಎಮ್ಯಾಕ್ಸ್' ಎಂಬ ಮುಕ್ತ ತಂತ್ರಾಂಶದ ಜೊತೆಗಿದ್ದ, ಅಂಚೆ ವರ್ಗಾಯಿಸುವ ಒಂದು ಸಣ್ಣ ಪ್ರೋಗ್ರಾಮು. ಅದಕ್ಕೆ ಇರಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರ ಕೊಡಲಾಗಿತ್ತು. ಮೂಲ ಬರಹ ತೆರೆದಿದ್ದ ಮಾತ್ರಕ್ಕೆ ತಂತ್ರಾಂಶ ಸುರಕ್ಷಿತವಾಗದು. ಲೆಕ್ಕದ ಪುಸ್ತಕದ ಹಾಗೆ ಅದನ್ನೂ ಯಾರಾದರೂ ಓದಬೇಕು.

ಮುಕ್ತ ತಂತ್ರಾಂಶದ ಹುಟ್ಟು

ಮುಕ್ತ ತಂತ್ರಾಂಶ ಚಳವಳಿಯ ಹಿನ್ನೆಲೆಯಲ್ಲಿರುವುದೂ ಯಂತ್ರವೊಂದು ತನ್ನ ತೊಂದರೆ ಹೇಳಿಕೊಳ್ಳಲಾಗದ ಸಂಗತಿಯೇ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಇದ್ದರು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ತಾನೇ ಸುದ್ದಿ ಕೊಡುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಆಸುಪಾಸಿನಲ್ಲಿ ಜೆರಾಕ್ಸ್ ಕಂಪೆನಿಯ ಹೊಸ ಲೇಸರ್ ಪ್ರಿಂಟರು ಬಂತು. ಅದರಲ್ಲೂ ಹಾಗೆಯೇ ಮಾಡೋಣವೆಂದರೆ ಮೂಲ ಬರಹವೇ ಇಲ್ಲ. ಅದನ್ನು ಹೊಂದಿದ್ದವರ ಬಳಿ ಹೋಗಿ ಕೇಳಿದರೆ, ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ, ಕೊಡಲಾರೆ ಎಂಬ ಉತ್ತರ ಬಂತು.

1983ರ ಸೆಪ್ಟೆಂಬರ್ 27ರಂದು ಸ್ಟಾಲ್ಮನ್ 'ಗ್ನು' ಯೋಜನೆಯನ್ನು ಘೋಷಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ತಂತ್ರಾಂಶವನ್ನು ಬಳಸುವ, ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಬಳಕೆದಾರನಿಗೆ ಇರಬೇಕೆಂಬುದು ಅವರ ವಾದ. 1989ರಲ್ಲಿ ಇದಕ್ಕೆ ಜಿಪಿಎಲ್ ಎಂಬ ಪರವಾನಗಿಯ ರೂಪ ಸಿಕ್ಕಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಮರುವರ್ಷ ಇದೇ ಪರವಾನಗಿಗೆ ಬಂತು. ಅಲ್ಲಿಂದ ಬಡ ಶಾಲೆಯ ಹಳೆಯ ಕಂಪ್ಯೂಟರಿಗೂ ಯುನಿಕ್ಸ್ ಮಾದರಿಯ ವ್ಯವಸ್ಥೆ ಎಟುಕುವಂತಾಯಿತು.

ಕಾವಲುಗಾರರ ಸಾಲು

1988ರ ನವೆಂಬರ್ 2ರಂದು ಮಾರಿಸ್ ಹುಳು ಅಂತರ್ಜಾಲದ ಸಾವಿರಾರು ಯುನಿಕ್ಸ್ ಯಂತ್ರಗಳನ್ನು ಹಿಡಿದಾಗ ಎಲ್ಲರಿಗೂ ಎಚ್ಚರವಾಯಿತು. ಆದರೆ ದೊಡ್ಡ ಸಂಸ್ಥೆಯೊಂದರಲ್ಲಿ ನೂರಾರು ಯಂತ್ರಗಳು ಬರೆಯುವ ಲಕ್ಷಾಂತರ ಸಾಲುಗಳನ್ನು ಯಾವ ಮನುಷ್ಯ ಓದಬಲ್ಲ? ಓದುವ ಕೆಲಸವನ್ನೂ ಯಂತ್ರಕ್ಕೇ ಕಲಿಸಬೇಕಾಯಿತು.

1993ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ವ್ಯವಸ್ಥಾಪಕರ ಸಮ್ಮೇಳನದಲ್ಲಿ ಸ್ಟೀಫನ್ ಹ್ಯಾನ್ಸೆನ್ ಮತ್ತು ಟಾಡ್ ಆಟ್ಕಿನ್ಸ್ 'ಸ್ವಾಚ್' ಎಂಬ ಪುಟ್ಟ ತಂತ್ರಾಂಶವನ್ನು ಪರಿಚಯಿಸಿದರು. ಅದನ್ನು ಪರ್ಲ್ ಭಾಷೆಯಲ್ಲಿ ಬರೆಯಲಾಗಿತ್ತು. ಇಂತಹ ಸಾಲು ಕಂಡರೆ ಗಂಟೆ ಬಾರಿಸು, ಇಂತಹದು ಕಂಡರೆ ಪತ್ರ ಕಳುಹಿಸು, ಇಂತಹದನ್ನು ಬಿಟ್ಟುಬಿಡು ಎಂದು ಒಂದು ಕಡತದಲ್ಲಿ ಬರೆದಿಟ್ಟರೆ ಸ್ವಾಚ್ ಲಾಗಿನ ಬಾಲವನ್ನು ಹಿಡಿದು ಕುಳಿತು ಹಾಗೆಯೇ ನಡೆದುಕೊಳ್ಳುತ್ತಿತ್ತು. ಒಂದೇ ಸುದ್ದಿ ನೂರು ಸಲ ಬಂದರೆ ಒಮ್ಮೆ ಮಾತ್ರ ಹೇಳುವ ಜಾಣತನವನ್ನೂ ಅದಕ್ಕೆ ಕಲಿಸಬಹುದಿತ್ತು. ಮುಂದೆ ಅದೇ ಹೆಸರಿನ ಸ್ವಿಸ್ ಕೈಗಡಿಯಾರ ಕಂಪೆನಿಯ ಆಕ್ಷೇಪದಿಂದಾಗಿ ಈ ತಂತ್ರಾಂಶ 'ಸ್ವಾಚ್‌ಡಾಗ್' ಎಂದು ಹೆಸರು ಬದಲಿಸಿಕೊಂಡದ್ದು ಒಂದು ತಮಾಷೆ.

ಸ್ವಾಚ್‌ನ ಮಿತಿ ಏನೆಂದರೆ, ಯಾವುದು ಅಪಾಯವೆಂದು ಮೊದಲೇ ಗೊತ್ತಿರಬೇಕು. ಕಳ್ಳ ಯಾವಾಗಲೂ ಗೊತ್ತಿರುವ ದಾರಿಯಲ್ಲೇ ಬರುತ್ತಾನೆಯೇ? ಕ್ರೇಗ್ ರೋಲೆಂಡ್ ಬರೆದ 'ಲಾಗ್‌ಚೆಕ್' ಇದಕ್ಕೆ ತಿರುಗು ದಾರಿ ಹಿಡಿಯಿತು. ಮಾರ್ಕಸ್ ರೇನಂ ಮತ್ತು ಫ್ರೆಡ್ ಅವೋಲಿಯೋ ಫೈರ್‌ವಾಲ್ ಒಂದಕ್ಕಾಗಿ ಬರೆದಿದ್ದ ಪ್ರೋಗ್ರಾಮು ಅದಕ್ಕೆ ಮಾದರಿ. ನಿರುಪದ್ರವಿ ಎಂದು ಖಚಿತವಿರುವ ಸಾಲುಗಳನ್ನು ಲಾಗ್‌ಚೆಕ್ ಜರಡಿ ಹಿಡಿದು ಬಿಡುತ್ತದೆ, ಉಳಿದದ್ದನ್ನೆಲ್ಲ ನಿಗದಿತ ಹೊತ್ತಿಗೆ ಅಂಚೆ ಮೂಲಕ ಒಪ್ಪಿಸುತ್ತದೆ. ಕಳೆದ ಸಲ ಎಲ್ಲಿಯವರೆಗೆ ಓದಿದ್ದೆ ಎಂಬ ಗುರುತನ್ನೂ ಇಟ್ಟುಕೊಳ್ಳುತ್ತದೆ. ರೇನಂ 1997ರಲ್ಲಿ ಈ ಕ್ರಮಕ್ಕೆ 'ಕೃತಕ ಅಜ್ಞಾನ' ಎಂಬ ಚೇಷ್ಟೆಯ ಹೆಸರಿಟ್ಟರು. ಅಕ್ಕಿ ಆರಿಸುವ ನಮ್ಮ ತಾಯಂದಿರಿಗೆ ಈ ವಿದ್ಯೆ ಗೊತ್ತು. ಅವರು ಕಲ್ಲು ಹೇಗಿರುತ್ತದೆ ಎಂದು ಹುಡುಕುವುದಿಲ್ಲ. ಅಕ್ಕಿಯಲ್ಲದ್ದೆಲ್ಲ ಅವರ ಕಣ್ಣಿಗೆ ಬೀಳುತ್ತದೆ.

ಇದಾದ ಮೇಲೆ ಬಂದವರು ಹಲವು ದೇಶಗಳವರು. ಕರ್ಕ್ ಬಾವರ್ ಅವರ 'ಲಾಗ್‌ವಾಚ್' ದಿನದ ಸಾರಾಂಶವನ್ನು ಒಂದು ಪತ್ರವಾಗಿ ಕೊಟ್ಟಿತು. ಹಂಗೇರಿಯ ಬಲಾಜ್ ಶೈಡ್ಲರ್ 1998ರಲ್ಲಿ ಆರಂಭಿಸಿದ 'ಸಿಸ್‌ಲಾಗ್-ಎನ್‌ಜಿ', ಜರ್ಮನಿಯ ರೈನರ್ ಗೆರ್ಹಾರ್ಡ್ಸ್ 2004ರಲ್ಲಿ ಆರಂಭಿಸಿದ 'ಆರ್‌ಸಿಸ್‌ಲಾಗ್' ಹಳೆಯ ಸಿಸ್‌ಲಾಗ್‌ನ ದೋಷಗಳನ್ನು ತಿದ್ದಿದವು. ಹಳೆಯದರಲ್ಲಿ ಸಂದೇಶ ದಾರಿಯಲ್ಲಿ ಕಳೆದುಹೋದರೂ ತಿಳಿಯುತ್ತಿರಲಿಲ್ಲ, ಯಾರ ಹೆಸರಿನಲ್ಲಿ ಯಾರು ಬೇಕಾದರೂ ಸುಳ್ಳು ಸಂದೇಶ ಕಳುಹಿಸಬಹುದಿತ್ತು. ಹದೀಸ್ ವಿದ್ವಾಂಸರು ವರದಿಯ ಜೊತೆಗೆ ಅದನ್ನು ತಲುಪಿಸಿದವರ ಸರಣಿಯನ್ನೂ, ಅಂದರೆ ಇಸ್ನಾದನ್ನೂ ಪರೀಕ್ಷಿಸುತ್ತಿದ್ದರು. ಕಂಪ್ಯೂಟರಿನ ದಾಖಲೆಯ ವಿಷಯದಲ್ಲಿಯೂ ಯಾರಿಂದ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಬಂತು ಎಂಬ ಪ್ರಶ್ನೆ ಅಷ್ಟೇ ಮುಖ್ಯ. ಸಿಸ್‌ಲಾಗ್‌ನ ನಡಾವಳಿಯನ್ನು 2001ರಲ್ಲಿ ಮೊದಲ ಬಾರಿ ಅಧಿಕೃತವಾಗಿ ಬರೆದಿಡಲಾಯಿತು, 2009ರಲ್ಲಿ ಹೊಸ ನಿಯಮ ಬಂತು.

ಎಸ್ಟೋನಿಯಾದ ರಿಸ್ತೊ ವಾರಂಡಿಯವರ 'ಸೆಕ್' ಬಿಡಿ ಬಿಡಿ ಘಟನೆಗಳನ್ನು ಒಂದಕ್ಕೊಂದು ಜೋಡಿಸಿ ನೋಡುವುದನ್ನು ಕಲಿಸಿತು. ಒಮ್ಮೆ ಗುಪ್ತಪದ ತಪ್ಪಿದರೆ ಮರೆವು, ಒಂದೇ ನಿಮಿಷದಲ್ಲಿ ಐವತ್ತು ಸಲ ತಪ್ಪಿದರೆ ದಾಳಿ. 2004ರಲ್ಲಿ ಸಿರಿಲ್ ಜಾಕಿಯೆ ಆರಂಭಿಸಿದ 'ಫೇಲ್‌ಟುಬ್ಯಾನ್' ಇನ್ನೂ ಮುಂದೆ ಹೋಗಿ, ಹಾಗೆ ಪದೇ ಪದೇ ಬಾಗಿಲು ತಟ್ಟುವ ವಿಳಾಸವನ್ನು ಸ್ವಲ್ಪ ಹೊತ್ತು ತಾನೇ ಹೊರಗಿಡುತ್ತದೆ. ಇವೆಲ್ಲವೂ ಮೂಲ ಬರಹ ಸಮೇತ ಯಾರಿಗೂ ಸಿಗುವ ತಂತ್ರಾಂಶಗಳು.

ಕಾವಲೋ, ಗೂಢಚಾರಿಕೆಯೋ?

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಯಾರು ಎಷ್ಟು ಹೊತ್ತಿಗೆ ಏನು ನೋಡಿದರು ಎಂದು ಬರೆದಿಡುವ ಯಂತ್ರ ಕಳ್ಳನನ್ನು ಹಿಡಿಯಬಲ್ಲದು. ಹಾಗೆಯೇ ನಿರಪರಾಧಿಯ ಬೆನ್ನು ಹತ್ತಲೂ ಬಲ್ಲದು. ಅಲ್ ಹುಜುರಾತ್ ಅಧ್ಯಾಯದ 12ನೆಯ ವಚನ ಗುಮಾನಿಯನ್ನೂ ಇನ್ನೊಬ್ಬರ ಗುಟ್ಟು ಕೆದಕುವುದನ್ನೂ ನಿಷೇಧಿಸಿದೆ. ಲೋಕದ ಕಾನೂನೂ ತಡವಾಗಿಯಾದರೂ ಈ ದಿಕ್ಕಿನಲ್ಲಿ ಯೋಚಿಸುತ್ತಿದೆ. ಲಾಗಿನಲ್ಲಿರುವ ಅಂತರ್ಜಾಲ ವಿಳಾಸವೂ ವ್ಯಕ್ತಿಯ ಖಾಸಗಿ ಮಾಹಿತಿಯಾಗಬಲ್ಲದು ಎಂದು ಯುರೋಪಿನ ನ್ಯಾಯಾಲಯ 2016ರಲ್ಲಿ ಹೇಳಿತು. ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಅಂಗೀಕಾರವಾಯಿತು.

ಇನ್ನೊಂದು ಕಡೆ, ಭಾರತ ಸರಕಾರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ಲಾಗುಗಳನ್ನು 180 ದಿನ ಕಾಪಾಡಬೇಕು, ಯಂತ್ರಗಳ ಗಡಿಯಾರವನ್ನು ಸರಿಹೊಂದಿಸಿಕೊಂಡಿರಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂತಹ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ನ್ಯಾಯಾಲಯಕ್ಕೆ ಸಲ್ಲಿಸಬಹುದು. ಎಂದರೆ, ಲಾಗಿನ ಒಂದು ಸಾಲು ಒಬ್ಬ ಮನುಷ್ಯನನ್ನು ಜೈಲಿಗೆ ಕಳುಹಿಸಬಹುದು, ಇಲ್ಲವೇ ಸುಳ್ಳು ಆರೋಪದಿಂದ ಬಿಡಿಸಬಹುದು. ಆ ಸಾಲನ್ನು ಬರೆದ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸುವ ಹಕ್ಕು ಆರೋಪಿಗೂ ಇರಬೇಡವೇ? ಮೂಲ ಬರಹ ತೆರೆದಿದ್ದರೆ ಆ ಪರೀಕ್ಷೆ ಸುಲಭ. ಮುಚ್ಚಿದ್ದರೆ ಕಂಪೆನಿಯ ಮಾತನ್ನೇ ನಂಬಬೇಕಾಗುತ್ತದೆ. ಮುಕ್ತ ತಂತ್ರಾಂಶ ಎಂದರೆ ಬರೀ ಪುಕ್ಕಟೆ ಎಂದು ತಿಳಿದವರು ಈ ಅಂಶವನ್ನು ಯೋಚಿಸಬೇಕು.

ಅರ್ಧ ಸೆಕೆಂಡು

ಸ್ಟೋಲ್ ಅವರ 75 ಸೆಂಟುಗಳ ಕಥೆ ಹಳೆಯದಾಯಿತು ಎಂದುಕೊಂಡಿದ್ದವರಿಗೆ 2024ರ ಮಾರ್ಚಿನಲ್ಲಿ ಉತ್ತರ ಸಿಕ್ಕಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೇರೆಯೇ ಕೆಲಸಕ್ಕಾಗಿ ಲಿನಕ್ಸ್ ಯಂತ್ರದ ವೇಗ ಅಳೆಯುತ್ತಿದ್ದರು. ದೂರದಿಂದ ಒಳಬರುವ ಬಾಗಿಲು ತೆರೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಬರೀ ಅರ್ಧ ಸೆಕೆಂಡು! ಅವರು ಅದರ ಬೆನ್ನು ಹತ್ತಿದರು. ಕಡತಗಳನ್ನು ಸಂಕುಚಿಸುವ 'ಎಕ್ಸ್‌ಝಡ್' ಎಂಬ ಮುಕ್ತ ತಂತ್ರಾಂಶದೊಳಗೆ ಯಾರೋ ಸುಳ್ಳು ಹೆಸರಿನಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಗುಪ್ತ ಬಾಗಿಲೊಂದನ್ನು ಸೇರಿಸಿದ್ದು ಬಯಲಾಯಿತು. ಮಾರ್ಚ್ 29ರಂದು ಫ್ರಾಯ್ಂಡ್ ಅದನ್ನು ಲೋಕಕ್ಕೆ ತಿಳಿಸಿದರು. ಸರ್ವರ್‌ಗಳಿಗೆ ಅದು ವ್ಯಾಪಕವಾಗಿ ಹರಡುವ ಮೊದಲೇ ತಡೆಯಲಾಯಿತು.

ಇಲ್ಲಿಯೂ ಕಳ್ಳ ಬಂದದ್ದು ಮುಕ್ತ ತಂತ್ರಾಂಶದ ದಾರಿಯಲ್ಲೇ. ಆದರೆ ಅನುಮಾನ ಬಂದ ಮನುಷ್ಯ ಯಾರ ಅಪ್ಪಣೆಗೂ ಕಾಯದೆ ಒಳಗೆ ಇಣುಕಿ ನೋಡಲು ಸಾಧ್ಯವಾದದ್ದೂ ಅದು ಮುಕ್ತವಾಗಿದ್ದುದರಿಂದಲೇ. ನೋಡುವ ಹಕ್ಕನ್ನು ಪರವಾನಗಿ ಕೊಡುತ್ತದೆ, ನೋಡುವ ಕೆಲಸವನ್ನು ಮನುಷ್ಯನೇ ಮಾಡಬೇಕು.

ನಮ್ಮ ಮಕ್ಕಳಿಗೆ

ಕಂಪ್ಯೂಟರ್ ಓದುವ ವಿದ್ಯಾರ್ಥಿಗಳೇ, ಈ ಚರಿತ್ರೆಯಲ್ಲಿ ಬಂದವರನ್ನು ಮತ್ತೊಮ್ಮೆ ನೋಡಿ. ಒಬ್ಬ ಖಗೋಳ ವಿಜ್ಞಾನಿ, ಒಬ್ಬ ಕಾಲೇಜು ವಿದ್ಯಾರ್ಥಿ, ಎಸ್ಟೋನಿಯಾ-ಹಂಗೇರಿಯಂತಹ ಸಣ್ಣ ದೇಶಗಳ ಪ್ರೋಗ್ರಾಮರುಗಳು. ದೊಡ್ಡ ಬಂಡವಾಳವಿಲ್ಲದೆ ಮೂಲ ಬರಹ ಓದಿ, ಕೊರತೆ ಕಂಡು, ತುಂಬಿದವರು ಇವರು. ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿರಿ. ಅದರ ಲಾಗ್ ತೆರೆದು ದಿನಕ್ಕೆ ಹತ್ತು ಸಾಲು ಓದಿ, ಪ್ರತಿ ಸಾಲಿನ ಅರ್ಥ ತಿಳಿದುಕೊಳ್ಳಿ. ಒಂದು ತಿಂಗಳಲ್ಲಿ ಯಂತ್ರದ ನಾಡಿಬಡಿತ ನಿಮಗೆ ಪರಿಚಯವಾಗುತ್ತದೆ. ಈ ವಿದ್ಯೆಗೆ ಶುಲ್ಕವಿಲ್ಲ.

ಸಂಸ್ಥೆ ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ. ನಮ್ಮ ಶಾಲೆ, ಅನಾಥಾಲಯ, ವಿದ್ಯಾರ್ಥಿವೇತನ ನಿಧಿಗಳ ಲೆಕ್ಕ ಕಂಪ್ಯೂಟರಿಗೆ ಹೋದ ಮೇಲೆ ಅದು ನಮ್ಮ ಕೈಯಲ್ಲಿರುವ ಅಮಾನತ್ತು. ಅದರ ದಿನಚರಿಯನ್ನು ಓದಬಲ್ಲ ಒಬ್ಬನನ್ನಾದರೂ ತಯಾರು ಮಾಡಿರಿ, ದಿನಚರಿಯ ಒಂದು ಪ್ರತಿ ಬೇರೆ ಯಂತ್ರದಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಹುಡುಗ ಬಂದು ಲೆಕ್ಕದಲ್ಲಿ ಎಪ್ಪತ್ತೈದು ಪೈಸೆ ತಾಳೆಯಾಗುತ್ತಿಲ್ಲ ಎಂದರೆ ನಕ್ಕು ಕಳುಹಿಸಬೇಡಿ. ಕುಳಿತು ಕೇಳಿರಿ.